ಇಂಜೆಕ್ಟರ್ ಕ್ಲೀನರ್ ಸುರಿಯೋ ಮೊದಲು: ದೋಷ ಪೆಟ್ರೋಲ್ ದಾರೀಲೇ ಇದ್ಯಾ ಅಂತ ಹಿಡಿಯೋದು ಹೇಗೆ

ಗಾಡಿ ಜರ್ಕ್ ಹೊಡೀತಿದೆ, ಮೈಲೇಜ್ ಬಿದ್ದಿದೆ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ನಡುಗುತ್ತೆ ಅಂತ ಯಾರ ಹತ್ರ ಹೇಳಿದ್ರೂ ಮೊದಲು ಬರೋ ಸಲಹೆ ಒಂದೇ, ಟ್ಯಾಂಕ್‌ಗೆ ಒಂದು ಬಾಟ್ಲಿ ಕ್ಲೀನರ್ ಹಾಕಿ ನೋಡಿ ಅಂತ. ಹಾಕಿದವರಲ್ಲಿ ಕೆಲವರಿಗೆ ನಿಜವಾಗ್ಲೂ ಸರಿಹೋಗುತ್ತೆ, ಇನ್ನು ಕೆಲವರಿಗೆ ಏನೇನೂ ವ್ಯತ್ಯಾಸ ಗೊತ್ತಾಗಲ್ಲ, ಆಮೇಲೆ ಅವರು ಇದೆಲ್ಲ ಬರೀ ಮೋಸ ಅಂತ ಬೈತಾರೆ. ಇಬ್ಬರು ಹೇಳೋದೂ ಅವರವರ ಗಾಡಿ ಮಟ್ಟಿಗೆ ಸರಿನೇ, ಯಾಕಂದ್ರೆ ಆ ಬಾಟ್ಲಿಗೆ ಗೊತ್ತಿರೋ ಕೆಲಸ ಒಂದೇ: ಪೆಟ್ರೋಲ್ ಹರಿಯೋ ದಾರೀಲಿ, ಪೆಟ್ರೋಲ್ ತಾಗೋ ಜಾಗದಲ್ಲಿ ಕಟ್ಟಿಕೊಂಡ ಕಿಟ್ಟ ಬಿಡಿಸೋದು. ಪೆಟ್ರೋಲ್ ತಾಗದೇ ಇರೋ ಜಾಗದ ತೊಂದರೆಗೆ ಹತ್ತು ಬಾಟ್ಲಿ ಸುರಿದ್ರೂ ಪ್ರಯೋಜನ ಇಲ್ಲ. ಹಾಗಾಗಿ ಮೊದಲು ದೋಷ ಎಲ್ಲಿದೆ ಅಂತ ಹಿಡೀಬೇಕು, ಬಾಟ್ಲಿ ಮಾತು ಆಮೇಲೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಚೆಕ್ ಇಂಜಿನ್ ಲೈಟ್ ಸುಮ್ನೆ ಉರೀತಾ ಇದ್ರೆ ನಿಧಾನಕ್ಕೆ ನೋಡಬಹುದು, ಆದ್ರೆ ಅದು ಮಿನುಗ್ತಾ ಇದ್ರೆ ಗಾಡಿ ಓಡಿಸಬೇಡಿ. ಮಿನುಗ್ತಿದೆ ಅಂದ್ರೆ ಜೋರಾಗಿ ಮಿಸ್ಸಿಂಗ್ ಆಗ್ತಿದೆ, ಅಂದ್ರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ತಿಲ್ಲ, ಸುಡದೇ ಇರೋ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸಿಬಿಡುತ್ತೆ. ಆ ಸ್ಥಿತೀಲಿ ಕ್ಲೀನರ್ ಹಾಕಿ ಹೈವೇಲಿ ಒಂದು ರೌಂಡ್ ಹೊಡೆದು ಬರ್ತೀನಿ ಅನ್ನೋದು ಗಾಡಿಗೆ ತುಂಬ ದುಬಾರಿ ಬೀಳುತ್ತೆ.

ಕಿಟ್ಟ ಕಟ್ಟೋದು ಎಲ್ಲಿ, ಯಾಕೆ

ಇಂಜಿನ್‌ಗೆ ಪೆಟ್ರೋಲ್ ಸಿಂಪಡಿಸೋ ಚಿಕ್ಕ ನಳಿಕೆಗೇ ಇಂಜೆಕ್ಟರ್ ಅನ್ನೋದು. ಗಾಡಿ ಓಡ್ತಿರುವಾಗ ಅದರ ತುದಿ ಮೇಲೆ ಪೆಟ್ರೋಲ್ ಹರೀತಾನೇ ಇರುತ್ತೆ, ಅದರಿಂದ ತುದಿ ತಣ್ಣಗಿರುತ್ತೆ. ತೊಂದರೆ ಶುರುವಾಗೋದು ಇಂಜಿನ್ ಆಫ್ ಮಾಡಿದ ಮೇಲೆ. ಕೂಲಂಟ್ ಓಡಾಟ ನಿಂತಿರುತ್ತೆ, ಗಾಳಿ ಇರಲ್ಲ, ಇಂಜಿನ್ ಬಿಸಿಯೆಲ್ಲ ಮೇಲಕ್ಕೆ ಏರಿ ಇಂಜೆಕ್ಟರ್ ತುದಿಗೆ ತಗಲುತ್ತೆ, ಅಲ್ಲಿ ಅಂಟಿಕೊಂಡು ಉಳಿದಿರೋ ಒಂದು ತೊಟ್ಟು ಪೆಟ್ರೋಲ್‌ನಲ್ಲಿ ಹಗುರ ಭಾಗ ಎಲ್ಲ ಆವಿಯಾಗಿ ಹೋಗಿ ಭಾರದ ಅಂಟು ಭಾಗ ಅಲ್ಲೇ ಒಣಗಿ ಗಟ್ಟಿಯಾಗುತ್ತೆ. ಹೀಗೆ ಒಂದೊಂದೇ ಪದರ. ಅದಕ್ಕೇ ದಿನಾ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲೋ ಗಾಡಿಗಳಲ್ಲಿ, ಆಫ್ ಆನ್ ಜಾಸ್ತಿ ಇರೋ ಗಾಡಿಗಳಲ್ಲಿ ಇದು ಬೇಗ ಆಗುತ್ತೆ, ಉದ್ದಕ್ಕೆ ಓಡೋ ಗಾಡಿಗಳಲ್ಲಿ ಕಮ್ಮಿ. ತಿಂಗಳುಗಟ್ಟಲೆ ನಿಂತ ಗಾಡೀಲಿ ಹಳೇ ಪೆಟ್ರೋಲ್ ಹುಳಿ ವಾಸನೆ ಬಂದು ಅಂಟಾಗಿ ವಾರ್ನಿಶ್ ಥರ ಕೂತ್ಕೊಳ್ಳೋದೂ ಇದೆ.

ಪೆಟ್ರೋಲ್‌ನಲ್ಲಿ ಮೊದಲೇ ಸ್ವಲ್ಪ ಡಿಟರ್ಜೆಂಟ್ ಸೇರಿಸಿರೋದು ಇದೇ ಕಾರಣಕ್ಕೆ. ಅಮೆರಿಕದಲ್ಲಿ 1995ರಿಂದ ಅದು ಕಡ್ಡಾಯ, ಆದ್ರೆ ಆ ಕನಿಷ್ಠ ಮಟ್ಟ ಸಾಲಲ್ಲ ಅಂತ 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೋಟಾ ಸೇರಿ ಟಾಪ್ ಟಿಯರ್ ಅನ್ನೋ ಇನ್ನೂ ಬಿಗಿಯಾದ ಮಾನದಂಡ ತಂದ್ರು. ಒಳ್ಳೇ ಡಿಟರ್ಜೆಂಟ್ ಇರೋ ಪೆಟ್ರೋಲ್‌ನ ಸದಾ ಹಾಕ್ತಾ, ಗಾಡೀನ ಆಗಾಗ ಉದ್ದಕ್ಕೆ ಓಡಿಸ್ತಾ ಇರೋರಿಗೆ ಪ್ರತಿ ಟ್ಯಾಂಕ್‌ಗೂ ಬಾಟ್ಲಿ ಬೇಕಾಗಿಲ್ಲ ಅಂತ ನಾನು ಹೇಳೋದು ಅದಕ್ಕೇ.

ಮೊದಲ ಪ್ರಶ್ನೆ: ನಿಮ್ಮ ಇಂಜಿನ್ ಯಾವ ಥರದ್ದು

ಎಂಪಿಎಫ್ಐ ಇಂಜಿನ್‌ನಲ್ಲಿ ಇಂಜೆಕ್ಟರ್ ಇರೋದು ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ ಒಳಗೆ ಗಾಳಿ ಹೋಗೋ ಕೊಳವೆ) ಹತ್ರ, ಅದು ಪೆಟ್ರೋಲ್ ಸಿಂಪಡಿಸೋದು ಇನ್‌ಟೇಕ್ ವಾಲ್ವ್‌ನ ಬೆನ್ನ ಮೇಲೆ. ಅಂದ್ರೆ ಟ್ಯಾಂಕ್‌ಗೆ ಹಾಕಿದ ಕ್ಲೀನರ್ ಇಂಜೆಕ್ಟರ್ ತುದೀನೂ ತೊಳೆಯುತ್ತೆ, ವಾಲ್ವ್ ಬೆನ್ನನ್ನೂ ತೊಳೆಯುತ್ತೆ, ಸಿಲಿಂಡರ್ ಒಳಗೂ ಹೋಗುತ್ತೆ. ಬಾಟ್ಲಿಯಿಂದ ಪೂರ್ತಿ ಲಾಭ ಸಿಗೋದು ಇಂಥ ಇಂಜಿನ್‌ಗೆ.

ಜಿಡಿಐ, ಅಂದ್ರೆ ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮೋ ಇಂಜಿನ್‌ನಲ್ಲಿ ಕಥೆ ಬೇರೆ. ಅಲ್ಲಿ ಇನ್‌ಟೇಕ್ ವಾಲ್ವ್‌ಗೆ ಪೆಟ್ರೋಲ್ ತಾಗೋದೇ ಇಲ್ಲ, ಅದರ ಮೇಲೆ ಬರೀ ಗಾಳಿ, ಜೊತೆಗೆ ಇಂಜಿನ್ ಒಳಗಿನ ಹಬೇನ ವಾಪಸ್ ಎಳೆಯೋ ಪಿಸಿವಿ ಪೈಪಿಂದ ಬರೋ ಆಯಿಲ್ ಹಬೆ, ಹೊಗೆಯ ಒಂದು ಪಾಲನ್ನ ವಾಪಸ್ ಒಳಗೆ ಬಿಡೋ ಇಜಿಆರ್ ಇದ್ರೆ ಅದರ ಮಸಿ. ಇವೆಲ್ಲ ಸೇರಿ ವಾಲ್ವ್ ಮೇಲೆ ಗಟ್ಟಿ ಕಾರ್ಬನ್ ಕಟ್ಟುತ್ತೆ. ಅದನ್ನ ಟ್ಯಾಂಕ್‌ಗೆ ಹಾಕಿದ ಯಾವ ಬಾಟ್ಲಿನೂ ತೆಗೆಯಲ್ಲ, ಲೇಬಲ್ ಮೇಲೆ ಏನೇ ಬರೆದಿರಲಿ. ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟ್ ಸಿಪ್ಪೆ ಪುಡಿ ಹೊಡೆದು ತೆಗೀಬೇಕು, ವಾಲ್ನಟ್ ಬ್ಲಾಸ್ಟಿಂಗ್ ಅಂತಾರಲ್ಲ ಅದು. ಜಿಡಿಐಗೂ ಕ್ಲೀನರ್ ಹಾಕಬಹುದು, ಅಲ್ಲಿ ಇಂಜೆಕ್ಟರ್ ತುದಿ ಇರೋದೇ ಬೆಂಕಿ ಉರಿಯೋ ಜಾಗದಲ್ಲಿ, ಅಲ್ಲಿ ಕಿಟ್ಟ ಕಟ್ಟೋದು ಇನ್ನೂ ಸುಲಭ, ಅದಕ್ಕೆ ಸಹಾಯ ಆಗುತ್ತೆ. ವಾಲ್ವ್‌ಗೆ ಆಗಲ್ಲ ಅಷ್ಟೇ. ಟೊಯೋಟಾದ ಡಿ-4ಎಸ್ ಥರ ಎರಡೂ ಕಡೆ ಇಂಜೆಕ್ಟರ್ ಇರೋ ಇಂಜಿನ್‌ಗಳೂ ಇವೆ, ಅವುಗಳಲ್ಲಿ ವಾಲ್ವ್ ತೊಳೆಯೋ ಕೆಲಸ ತಾನಾಗೇ ನಡೆಯುತ್ತೆ. ನಿಮ್ಮ ಗಾಡಿ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ, ಇದು ಗೊತ್ತಿಲ್ಲದೆ ಮುಂದಕ್ಕೆ ಹೋಗೋದ್ರಲ್ಲಿ ಅರ್ಥ ಇಲ್ಲ.

ಫ್ಯೂಯಲ್ ಟ್ರಿಮ್ ಓದಿದ್ರೆ ಅರ್ಧ ಕೆಲಸ ಮುಗೀತು

ಗಾಡಿಯ ಕಂಪ್ಯೂಟರ್ ಓದೋ ಒಂದು ಸಾಧಾರಣ ಓಬಿಡಿ ಸ್ಕ್ಯಾನರ್ ಸಾಕು, ಲೈವ್ ಡೇಟಾ ತೋರಿಸಬೇಕು ಅಷ್ಟೇ. ಬರೀ ಕೋಡ್ ಓದಿ ನಿಲ್ಲಿಸಬೇಡಿ. ಪಿ0171 ಬಂತು, ಲೀನ್ ಅಂತೆ, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ, ಅಂದ್ರೆ ಇಂಜೆಕ್ಟರ್ ಕಟ್ಟಿಕೊಂಡಿದೆ ಅಂತ ಒಂದೇ ಜಿಗಿತಕ್ಕೆ ತೀರ್ಮಾನಕ್ಕೆ ಬರೋರು ಬಹಳ ಜನ. ಲೀನ್ ಅಂದ್ರೆ ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಕಮ್ಮಿ ಅಂತ, ಅದು ಪೆಟ್ರೋಲ್ ಕಮ್ಮಿ ಬಂದೂ ಆಗಬಹುದು, ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿಯೂ ಆಗಬಹುದು.

ಟ್ರಿಮ್ ಅಂದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಅಥವಾ ಕಮ್ಮಿ ಕೊಡ್ತಿದೆ ಅನ್ನೋ ಸಂಖ್ಯೆ. ಪ್ಲಸ್ ಅಂದ್ರೆ ಸೇರಿಸ್ತಿದೆ, ಮೈನಸ್ ಅಂದ್ರೆ ಕಳೀತಿದೆ. ಶಾರ್ಟ್ ಟರ್ಮ್ ಕ್ಷಣಕ್ಷಣಕ್ಕೂ ಕುಣೀತಿರುತ್ತೆ, ಲಾಂಗ್ ಟರ್ಮ್ ನಿಧಾನಕ್ಕೆ ಕಲಿತದ್ದು. ಎರಡನ್ನೂ ಕೂಡಿಸಿ ನೋಡಿ, ಪ್ಲಸ್ ಅಥವಾ ಮೈನಸ್ 10ರ ಒಳಗಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ಮೊದಲು ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವಾಗ ನೋಡಿ. ಆಮೇಲೆ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ನೋಡಿ. ಕೊನೆಗೆ ಪಕ್ಕದಲ್ಲಿ ಇನ್ನೊಬ್ಬರನ್ನ ಕೂರಿಸಿಕೊಂಡು ಏರು ರಸ್ತೇಲಿ ಲೋಡ್ ಕೊಟ್ಟು ನೋಡಿ, ಸಂಖ್ಯೆ ಓದೋದು ಅವರ ಕೆಲಸ, ನಿಮ್ಮ ಕಣ್ಣು ರಸ್ತೆ ಮೇಲಿರಲಿ.

ಐಡಲ್‌ನಲ್ಲಿ ಪ್ಲಸ್ 20ರ ಹತ್ರ ಇದ್ದದ್ದು 2500ಕ್ಕೆ ಏರಿಸಿದ ಕೂಡಲೇ 4, 5ಕ್ಕೆ ಇಳಿದ್ರೆ ಅದು ಬಹುತೇಕ ಗಾಳಿ ಲೀಕ್. ಎಲ್ಲೋ ವ್ಯಾಕ್ಯೂಮ್ ಪೈಪ್ ಸೀಳಿದೆ, ಇಲ್ಲಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದೆ, ಪಿಸಿವಿ ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ, ಬ್ರೇಕ್ ಬೂಸ್ಟರ್ ಪೈಪ್ ಸಡಿಲ ಆಗಿದೆ. ಐಡಲ್‌ನಲ್ಲಿ ಒಳಗೆ ಹೋಗೋ ಒಟ್ಟು ಗಾಳೀನೇ ಕಮ್ಮಿ, ಹಾಗಾಗಿ ಲೀಕ್ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತೆ, ರೇಸ್ ಮಾಡಿದಾಗ ಆ ಪಾಲು ಚಿಕ್ಕದಾಗುತ್ತೆ. ಕಿವಿಗೊಟ್ಟು ಕೇಳಿದ್ರೆ ಎಷ್ಟೋ ಸಲ ಸುಯ್ ಅನ್ನೋ ಸದ್ದು ಸಿಗುತ್ತೆ. ಇದಕ್ಕೆ ಬಾಟ್ಲಿ ಹಾಕಿದ್ರೆ ಆ ದುಡ್ಡು ಹೋದ ಹಾಗೇ. ಒಂದು ಎಚ್ಚರ: ಈ ಗುರುತು ಚೆನ್ನಾಗಿ ಕಾಣೋದು ಒಳಗೆ ಹೋಗೋ ಗಾಳೀನ ಅಳೆಯೋ ಎಂಎಎಫ್ ಸೆನ್ಸರ್ ಇರೋ ಗಾಡೀಲಿ. ಬರೀ ಮ್ಯಾನಿಫೋಲ್ಡ್ ಒತ್ತಡ ಅಳೆಯೋ ಎಂಎಪಿ ಸೆನ್ಸರ್ ಮೇಲೆ ನಡೆಯೋ ಗಾಡೀಲಿ ಲೀಕ್ ಆದ ಗಾಳಿನೂ ಒತ್ತಡದ ಲೆಕ್ಕಕ್ಕೆ ಬಂದುಬಿಡುತ್ತೆ, ಅಲ್ಲಿ ಟ್ರಿಮ್‌ಗಿಂತ ಐಡಲ್ ಆರ್‌ಪಿಎಂ ಏರಿ ನಿಲ್ಲೋದು ಮುಖ್ಯ ಸುಳಿವು.

ಉಲ್ಟಾ ಆಗಿ, ಐಡಲ್‌ನಲ್ಲಿ ಚೆನ್ನಾಗಿದ್ದು ಲೋಡ್ ಬಿದ್ದ ಹಾಗೆ ಪ್ಲಸ್ ಏರ್ತಾ ಹೋದ್ರೆ ಪೆಟ್ರೋಲ್ ಸಾಲ್ತಿಲ್ಲ ಅನ್ನಬಹುದು. ಆದ್ರೆ ಇಲ್ಲೂ ಮೂರು ಆರೋಪಿಗಳಿದಾರೆ: ಪಂಪ್ ಅಥವಾ ಫಿಲ್ಟರ್, ಎಲ್ಲ ಇಂಜೆಕ್ಟರ್‌ಗಳೂ ಸಮನಾಗಿ ಕಟ್ಟಿಕೊಂಡಿರೋದು, ಇಲ್ಲಾ ಕೊಳೆ ಹಿಡಿದ ಎಂಎಎಫ್ ಸೆನ್ಸರ್ ಗಾಳೀನ ಕಮ್ಮಿ ಎಣಿಸ್ತಿರೋದು. ಎಂಎಎಫ್ ಮೊದಲು ನೋಡಿ, ಅದು ಸುಲಭ, ಅದಕ್ಕೇ ಅಂತ ಬರೋ ಸ್ಪ್ರೇ ಹೊಡೆದು ಒಣಗಿಸಿ, ಒಳಗಿನ ತಂತಿ ಮುಟ್ಟಬೇಡಿ, ಬಟ್ಟೆ ಹಾಕಿ ಒರೆಸಬೇಡಿ. ಅದರಿಂದ ಬದಲಾಗದಿದ್ರೆ ಫ್ಯೂಯಲ್ ಪ್ರೆಶರ್ ಗೇಜ್ ಹಾಕಿಸಿ. ಎಂಪಿಎಫ್ಐ ಗಾಡಿಗಳಲ್ಲಿ ಬಹುಪಾಲು 3ರಿಂದ 4 ಬಾರ್ ಇರುತ್ತೆ, ಸರಿಯಾದ ಸಂಖ್ಯೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಲೋಡ್‌ನಲ್ಲಿ ಪ್ರೆಶರ್ ಬೀಳ್ತಿದ್ರೆ ಪಂಪ್ ಕಡೆ ತೊಂದರೆ, ಬಾಟ್ಲಿ ಪಂಪ್‌ಗೆ ಜೀವ ತುಂಬಲ್ಲ. ಪ್ರೆಶರ್ ಗಟ್ಟಿಯಾಗಿ ನಿಂತಿದೆ, ಎಂಎಎಫ್ ಸರಿ ಇದೆ, ಲೀಕ್ ಇಲ್ಲ, ಆದ್ರೂ ಟ್ರಿಮ್ ಪ್ಲಸ್ ಅಂದ್ರೆ ಆಗ ಇಂಜೆಕ್ಟರ್ ಮೇಲೆ ಅನುಮಾನ ಪಡಿ. ಕ್ಲೀನರ್‌ಗೆ ಸರಿಯಾದ ಗಾಡಿ ಇದು.

ಜಿಡಿಐ ಗಾಡೀಲಿ ಹೈ ಪ್ರೆಶರ್ ಪೈಪ್ ಬಿಚ್ಚೋಕೆ ಹೋಗ್ಲೇಬೇಡಿ. ಅಲ್ಲಿ ಪ್ರೆಶರ್ 200 ಬಾರ್ ದಾಟೋದು ಸಾಮಾನ್ಯ, ಚಿಮ್ಮೋ ಪೆಟ್ರೋಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸ್ಕ್ಯಾನರ್‌ನಲ್ಲೇ ರೈಲ್ ಪ್ರೆಶರ್ ಓದಿ.

ಟ್ರಿಮ್ ಮೈನಸ್ ಕಡೆ ಇದ್ರೆ, ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ. ಸೋರೋ ಇಂಜೆಕ್ಟರ್, ಹರಿದ ಪ್ರೆಶರ್ ರೆಗ್ಯುಲೇಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕ್‌ನ ಪೆಟ್ರೋಲ್ ಆವೀನ ಇಂಜಿನ್‌ಗೆ ಬಿಡೋದು), ಇವನ್ನ ನೋಡಿ. ಇದರಲ್ಲಿ ಇಂಜೆಕ್ಟರ್ ಸೀಟಿನ ಮೇಲೆ ಕಿಟ್ಟ ಕೂತು ಮುಚ್ಚಿಕೊಳ್ಳದೇ ಇರೋ ಅಪರೂಪದ ಸಂದರ್ಭ ಬಿಟ್ರೆ ಬಾಟ್ಲಿಗೆ ಕೆಲಸ ಇಲ್ಲ.

ಒಂದೇ ಸಿಲಿಂಡರ್ ತೊಂದರೆ ಕೊಡ್ತಿದ್ರೆ

ಬಹಳ ಜನಕ್ಕೆ ಗೊಂದಲ ಆಗೋ ಜಾಗ ಇದು, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಸಾಮಾನ್ಯವಾಗಿ ನಾಲ್ಕು ಸಿಲಿಂಡರ್‌ಗೂ ಸೇರಿ ಮುಂದೆ ಒಂದೇ ಆಕ್ಸಿಜನ್ ಸೆನ್ಸರ್ ಇರುತ್ತೆ, ಅದು ನಾಲ್ಕರ ಹೊಗೆಯನ್ನೂ ಬೆರೆಸಿ ಸರಾಸರಿ ನೋಡುತ್ತೆ. ಈಗ ಮೂರನೇ ಇಂಜೆಕ್ಟರ್ ಒಂದೇ ಕಟ್ಟಿಕೊಂಡಿದೆ ಅನ್ಕೊಳ್ಳಿ. ಸೆನ್ಸರ್‌ಗೆ ಒಟ್ಟಾರೆ ಸ್ವಲ್ಪ ಲೀನ್ ಕಾಣುತ್ತೆ, ಇಸಿಯು ನಾಲ್ಕಕ್ಕೂ ಪೆಟ್ರೋಲ್ ಏರಿಸುತ್ತೆ. ಮೂರನೇದಕ್ಕೆ ಆದ್ರೂ ಸಾಲಲ್ಲ, ಉಳಿದ ಮೂರಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತೆ. ಟ್ರಿಮ್ ನೋಡಿದ್ರೆ ಪ್ಲಸ್ 6, 7 ಅಷ್ಟೇ ಇರುತ್ತೆ, ಎಲ್ಲ ಸರಿ ಇದೆ ಅನ್ಸುತ್ತೆ, ಆದ್ರೆ ಗಾಡಿ ಐಡಲ್‌ನಲ್ಲಿ ನಡುಗ್ತಾನೇ ಇರುತ್ತೆ.

ಇದನ್ನ ಕಣ್ಣಾರೆ ನೋಡಬೇಕಂದ್ರೆ ಪ್ಲಗ್ ಬಿಚ್ಚಿ. ಇಂಜಿನ್ ತಣ್ಣಗಾದ ಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್ ಕ್ರಮದಲ್ಲೇ ಒಂದು ಬಟ್ಟೆ ಮೇಲೆ ಸಾಲಾಗಿ ಇಡಿ. ಇಂಥ ಗಾಡೀಲಿ ಮೂರು ಪ್ಲಗ್‌ಗಳ ತುದೀಲಿ ಒಣ ಕಪ್ಪು ಮಸಿ ಹಿಡಿದಿರುತ್ತೆ, ಬೆರಳಲ್ಲಿ ಉಜ್ಜಿದ್ರೆ ಬರುತ್ತೆ, ಒಂದೇ ಒಂದರ ಪಿಂಗಾಣಿ ಮಾತ್ರ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತೆ. ಬೆಳ್ಳಗಿರೋದೇ ಪೆಟ್ರೋಲ್ ಸಿಗದ ಸಿಲಿಂಡರ್. ಮಸಿ ಹಿಡಿದ ಮೂರನ್ನ ನೋಡಿ ಆ ಮೂರರಲ್ಲಿ ತೊಂದರೆ ಅಂತ ತಿಳ್ಕೊಂಡು ಅವುಗಳ ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ಬದಲಾಯಿಸಿ ದುಡ್ಡು ಕಳ್ಕೊಳ್ಳೋದು ತುಂಬ ನಡೆಯುತ್ತೆ. ಪ್ಲಗ್ ಆಯಿಲ್‌ನಿಂದ ಒದ್ದೆಯಾಗಿದ್ರೆ ಅದು ಬೇರೇನೇ ವಿಷಯ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು.

ಕೋಡ್ ಪಿ0303 ಅಂತ ಬಂದಿದ್ರೆ ಮೂರನೇ ಸಿಲಿಂಡರ್ ಮಿಸ್ಸಿಂಗ್. ಆದ್ರೆ ಯಾಕೆ ಅಂತ ಕೋಡ್ ಹೇಳಲ್ಲ. ಅದಕ್ಕೆ ಅದಲು ಬದಲು ಮಾಡೋದೇ ಸರಿಯಾದ ದಾರಿ: ಮೂರನೇ ಕಾಯಿಲ್‌ನ ಒಂದನೇದಕ್ಕೆ ಹಾಕಿ, ಒಂದನೇದನ್ನ ಮೂರಕ್ಕೆ. ಮಿಸ್ಸಿಂಗ್ ಒಂದಕ್ಕೆ ಹೋಯ್ತಾ, ಕಾಯಿಲ್ ಕೆಟ್ಟಿದೆ. ಹೋಗಲಿಲ್ವಾ, ಪ್ಲಗ್ ಅದಲು ಬದಲು ಮಾಡಿ. ಅದಕ್ಕೂ ಹೋಗದಿದ್ರೆ ಎಂಪಿಎಫ್ಐ ಗಾಡೀಲಿ ಇಂಜೆಕ್ಟರ್ ಅದಲು ಬದಲು, ಅದೂ ಅಲ್ಲ ಅಂದ್ರೆ ಸಿಲಿಂಡರ್ ಒತ್ತಡ ಹಿಡಿಯುತ್ತಾ ಅಂತ ನೋಡೋ ಕಂಪ್ರೆಷನ್ ಟೆಸ್ಟ್. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಎರಡು ಮೂರು ಒಟ್ಟಿಗೆ ಮಾಡಿದ್ರೆ ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಇಂಜೆಕ್ಟರ್ ಜೊತೆ ಮಿಸ್ಸಿಂಗ್ ಕೂಡ ಜಾಗ ಬದಲಾಯಿಸಿದ್ರೆ ಅದರ ರೆಸಿಸ್ಟನ್ಸ್ ಮೀಟರ್‌ನಲ್ಲಿ ನೋಡಿ, ಸಾಮಾನ್ಯ ಹೈ ಇಂಪೆಡೆನ್ಸ್ ಇಂಜೆಕ್ಟರ್‌ನಲ್ಲಿ 12ರಿಂದ 16 ಓಮ್ ಆಸುಪಾಸು ಬರುತ್ತೆ. ಸುರುಳಿನೇ ಹೋಗಿದ್ರೆ ಬದಲಾಯಿಸ್ಬೇಕು, ಸುರುಳಿ ಚೆನ್ನಾಗಿದ್ದು ಹರಿವು ಕಮ್ಮಿ ಇದ್ರೆ ಮಾತ್ರ ಕ್ಲೀನಿಂಗ್ ಮಾತು.

ಬಾಟ್ಲಿ ಅಂತ ಓಡಬಾರದ ಇನ್ನು ಕೆಲವು

ಬೆಳಿಗ್ಗೆ ತುಂಬ ಹೊತ್ತು ಸೆಲ್ಫ್ ಹೊಡೆದ್ರೆ ಮಾತ್ರ ಸ್ಟಾರ್ಟ್ ಆಗುತ್ತೆ ಅಂದ್ರೆ, ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೆ ಒಂದೆರಡು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ತಕ್ಷಣ ಸ್ಟಾರ್ಟ್ ಆದ್ರೆ ರಾತ್ರಿಯೆಲ್ಲ ಲೈನ್ ಪ್ರೆಶರ್ ಇಳಿದುಹೋಗ್ತಿದೆ ಅಂತ, ಪಂಪ್‌ನ ಚೆಕ್ ವಾಲ್ವ್ ಅಥವಾ ಸೋರೋ ಇಂಜೆಕ್ಟರ್ ನೋಡಿ. ಪೆಟ್ರೋಲ್ ತುಂಬಿಸಿದ ಕೂಡಲೇ ಮಾತ್ರ ಸ್ಟಾರ್ಟಿಂಗ್ ಪ್ರಾಬ್ಲಮ್, ಬೇರೆ ಹೊತ್ತಲ್ಲಿ ಇಲ್ಲ ಅಂದ್ರೆ ಪರ್ಜ್ ವಾಲ್ವ್. ತುಂಬಿಸಿ ಸ್ವಲ್ಪ ದೂರ ಹೋದ ಮೇಲೆ ಏಕಾಏಕಿ ಜರ್ಕ್ ಶುರುವಾಗಿದ್ರೆ ಪೆಟ್ರೋಲ್‌ನಲ್ಲಿ ನೀರು ಇರಬಹುದು. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನ ತನ್ನಲ್ಲೇ ಇಟ್ಕೊಳ್ಳುತ್ತೆ, ಮಿತಿ ದಾಟಿದ್ರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕ್ ತಳಕ್ಕೆ ಇಳಿಯುತ್ತೆ, ಪಂಪ್ ಎಳೆಯೋದು ಅಲ್ಲಿಂದಲೇ. ಹಾಗಾದಾಗ ಟ್ಯಾಂಕ್ ಖಾಲಿ ಮಾಡಿಸೋದು ಬಿಟ್ಟು ಬೇರೆ ದಾರಿ ಇಲ್ಲ. ಐಡಲ್ ಏರಿಳಿತ ಮಾತ್ರ ಇದ್ದು ಓಡುವಾಗ ಚೆನ್ನಾಗಿದ್ರೆ ಇಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನ್ ಮಾಡಿ, ಅಲ್ಲಿಗೂ ಪೆಟ್ರೋಲ್ ಹೋಗಲ್ಲ.

ಹಾಕೋದೇ ಅಂತ ಆದ ಮೇಲೆ

ಲೇಬಲ್ ಓದಿ. ಪಿಇಎ, ಅಂದ್ರೆ ಪಾಲಿಈಥರ್ ಅಮೀನ್ ಇರೋದನ್ನ ಹುಡುಕಿ, ಅದು ಬಿಸಿ ತಡೆಯುತ್ತೆ, ಸಿಲಿಂಡರ್ ಒಳಗಿನ ಕಾರ್ಬನ್ ಮೇಲೂ ಕೆಲಸ ಮಾಡುತ್ತೆ. ಪಿಐಬಿಎ ಅನ್ನೋ ಇನ್ನೊಂದು ಡಿಟರ್ಜೆಂಟ್ ಇನ್‌ಟೇಕ್ ವಾಲ್ವ್‌ಗೆ ಒಳ್ಳೇದು, ಆದ್ರೆ ಒಳಗಿನ ಕಾರ್ಬನ್‌ಗೆ ಅಷ್ಟು ಆಗಲ್ಲ. ಬರೀ ಸೀಮೆಎಣ್ಣೆ ಥರದ ಸಾಲ್ವೆಂಟ್ ತುಂಬಿದ ಬಾಟ್ಲಿಗಳಿಂದ ಹೆಚ್ಚೇನೂ ನಿರೀಕ್ಷೆ ಇಟ್ಕೋಬೇಡಿ. ಆಕ್ಟೇನ್ ಬೂಸ್ಟರ್ ಕ್ಲೀನರ್ ಅಲ್ಲ, ಪೆಟ್ರೋಲ್ ಕೆಡದ ಹಾಗೆ ಇಡೋ ಸ್ಟೆಬಿಲೈಸರ್ ಕೂಡ ಕ್ಲೀನರ್ ಅಲ್ಲ. ಮ್ಯಾಂಗನೀಸ್ ಅಥವಾ ಕಬ್ಬಿಣದ ಅಂಶ ಇರೋ ಬೂಸ್ಟರ್‌ಗಳು ಪ್ಲಗ್ ತುದಿ ಮೇಲೆ ಕೆಂಪು ಪುಡಿ ಕೂರಿಸ್ತವೆ, ಅವುಗಳಿಂದ ದೂರ ಇರಿ.

ಟ್ಯಾಂಕ್ ಖಾಲಿಯಾಗ್ತಾ ಬಂದಾಗ ಬಂಕ್‌ನಲ್ಲಿ ಮೊದಲು ಕ್ಲೀನರ್ ಹಾಕಿ, ಅದರ ಮೇಲೆ ಪೆಟ್ರೋಲ್ ತುಂಬಿಸಿ, ತಾನಾಗೇ ಬೆರೆಯುತ್ತೆ. ಅಳತೆ ಲೇಬಲ್‌ನಲ್ಲಿ ಎಷ್ಟು ಲೀಟರ್‌ಗೆ ಅಂತ ಇದೆಯೋ ಅಷ್ಟೇ, ಜಾಸ್ತಿ ಹಾಕಿದ್ರೆ ಬೇಗ ಕ್ಲೀನ್ ಆಗಲ್ಲ, ಸುಡದೆ ಉಳಿದದ್ದು ರಿಂಗ್ ದಾಟಿ ಇಂಜಿನ್ ಆಯಿಲ್‌ಗೆ ಇಳಿಯೋದು ಜಾಸ್ತಿ ಆಗುತ್ತೆ ಅಷ್ಟೇ. ಇದೇ ಕಾರಣಕ್ಕೆ ಆಯಿಲ್ ಚೇಂಜ್ ಹತ್ತಿರ ಇರುವಾಗ ಹಾಕೋದು ಒಳ್ಳೇದು, ಆ ಟ್ಯಾಂಕ್ ಮುಗಿದ ಮೇಲೆ ಆಯಿಲ್ ಬದಲಾಯಿಸಿಬಿಡಿ. ಹಾಕಿದ ಟ್ಯಾಂಕ್‌ನ ಸಾಧ್ಯ ಆದಷ್ಟು ಉದ್ದದ ಓಟದಲ್ಲಿ ಖರ್ಚು ಮಾಡಿ, ಅರ್ಧಕ್ಕೆ ಮತ್ತೆ ಪೆಟ್ರೋಲ್ ಸೇರಿಸಿ ತೆಳು ಮಾಡಬೇಡಿ.

ಹಾಕೋ ಮೊದಲು ಟ್ರಿಮ್ ಸಂಖ್ಯೆಗಳನ್ನ ಒಂದು ಕಡೆ ಬರೆದಿಡಿ, ಐಡಲ್, 2500 ಆರ್‌ಪಿಎಂ, ಲೋಡ್ ಈ ಮೂರು ಸ್ಥಿತೀಲೂ. ಟ್ಯಾಂಕ್ ಮುಗಿದ ಮೇಲೆ ಅದೇ ಥರ ಮತ್ತೆ ಓದಿ. ಪಿಕಪ್ ಜಾಸ್ತಿ ಆದ ಹಾಗಿದೆ ಅನ್ನೋ ಅನಿಸಿಕೆ ನಂಬಬೇಡಿ, ಪ್ಲಸ್ 14 ಇದ್ದದ್ದು ಪ್ಲಸ್ 6ಕ್ಕೆ ಬಂದಿದ್ರೆ ನಂಬಿ.

ಡೀಸೆಲ್ ಗಾಡಿಗೆ ಪೆಟ್ರೋಲ್ ಕ್ಲೀನರ್ ಹಾಕ್ಲೇಬಾರದು, ಡೀಸೆಲ್‌ಗೆ ಅಂತಲೇ ಬರೋದು ಬೇರೆ. ಕಾಮನ್ ರೈಲ್ ಗಾಡೀಲಿ ಪ್ರೆಶರ್ 1600 ಬಾರ್‌ಗೂ ಮೇಲೆ ಹೋಗುತ್ತೆ, ಪಂಪ್ ಒಳಗಿನ ಭಾಗಗಳಿಗೆ ಡೀಸೆಲ್ಲೇ ಜಿಡ್ಡು, ಅದನ್ನ ತೆಳು ಮಾಡೋ ಯಾವ ವಸ್ತುನೂ ಅಪಾಯ. ಅಲ್ಲಿ ಮೊದಲು ಫಿಲ್ಟರ್ ಬದಲಾಯಿಸಿ, ನೀರು ತೆಗೆಯೋ ಡ್ರೇನ್ ಬಿಚ್ಚಿ ನೋಡಿ, ಆಮೇಲೆ ರಿಟರ್ನ್ ಟೆಸ್ಟ್ ಮಾಡಿಸಿ: ನಾಲ್ಕು ಇಂಜೆಕ್ಟರ್‌ನ ರಿಟರ್ನ್ ಪೈಪಿಗೂ ಒಂದೊಂದು ಬಾಟ್ಲಿ ಕಟ್ಟಿ ಐಡಲ್‌ನಲ್ಲಿ ಬಿಟ್ರೆ ಯಾವುದರಲ್ಲಿ ಉಳಿದವಕ್ಕಿಂತ ತುಂಬ ಜಾಸ್ತಿ ತುಂಬುತ್ತೋ ಅದು ಸವೆದಿದೆ ಅಂತ. ಸವೆತಕ್ಕೆ ಕ್ಲೀನರ್ ಇಲ್ಲ.

ಪೆಟ್ರೋಲ್ ಗಾಡೀಲಿ ಎರಡು ಟ್ಯಾಂಕ್ ಹಾಕಿಯೂ ಸಂಖ್ಯೆ ಅಲ್ಲಾಡದಿದ್ರೆ ಮೂರನೇದು ಹಾಕಬೇಡಿ. ಇಂಜೆಕ್ಟರ್ ಬಿಚ್ಚಿಸಿ ಅಲ್ಟ್ರಾಸೋನಿಕ್ ಕ್ಲೀನಿಂಗ್‌ಗೆ ಕೊಡಿ, ಕ್ಲೀನ್ ಮಾಡೋ ಮೊದಲು ಮತ್ತು ಆದ ಮೇಲೆ ಎರಡೂ ಸಲ ಫ್ಲೋ ಟೆಸ್ಟ್ ತೋರಿಸೋಕೆ ಹೇಳಿ. ಗಾಜಿನ ಕೊಳವೆಗಳಲ್ಲಿ ನಾಲ್ಕರ ಮಟ್ಟನೂ ಪಕ್ಕಪಕ್ಕದಲ್ಲಿ ಕಾಣುತ್ತೆ, ಸಿಂಪರಣೆ ಮಂಜಿನ ಥರ ಹರಡ್ತಿದೆಯಾ ಇಲ್ಲ ಒಂದೇ ಗೆರೆಯಾಗಿ ಸುರೀತಿದೆಯಾ ಅನ್ನೋದೂ ಗೊತ್ತಾಗುತ್ತೆ. ಕ್ಲೀನ್ ಆದ ಮೇಲೂ ಒಂದು ಹಿಂದೆ ಬಿದ್ರೆ ಅದನ್ನ ಬದಲಾಯಿಸೋದೇ. ವಾಪಸ್ ಹಾಕುವಾಗ ಹಳೇ ಓ ರಿಂಗ್ ಬಳಸಬೇಡಿ, ಹೊಸದಕ್ಕೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಕೂರಿಸಿ, ಬ್ಯಾಟರಿ ಕನೆಕ್ಟ್ ಮಾಡಿ ಕೀ ಆನ್ ಮಾತ್ರ ಮಾಡಿ ಪಂಪ್ ಓಡಲಿ, ಸೆಲ್ಫ್ ಹೊಡೀಬೇಡಿ. ಟಾರ್ಚ್ ಹಿಡಿದು ನಾಲ್ಕೂ ಇಂಜೆಕ್ಟರ್ ಬುಡ ನೋಡಿ, ಎಲ್ಲೂ ಒದ್ದೆ ಇಲ್ಲ, ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಆದ ಮೇಲೇನೇ ಸ್ಟಾರ್ಟ್ ಮಾಡಿ.